ಒತ್ತೋದಲ್ಲ, ತಿರುಪೋದು

ಏಪ್ರಿಲ್ ತಿಂಗಳ ಒಂದು ಶನಿವಾರ. ಮಿಶಿಗನ್‌ನಲ್ಲಿ ಹಿಮ ಕರಗಿ ಮುಗಿದಿತ್ತು, ಆದರೆ ಬೆರಳು ಮರಗಟ್ಟುವ ಚಳಿ ಇನ್ನೂ ಹೋಗಿರಲಿಲ್ಲ. ಮನೆ ಮುಂದಿನ ಡ್ರೈವ್‌ವೇಯಲ್ಲಿ ನಮ್ಮ 2009ರ ಹೋಂಡಾ ಅಕಾರ್ಡ್ ನಿಲ್ಲಿಸಿ, ಹಿಂದಿನ ಎಡ ಚಕ್ರ ಬಿಚ್ಚಿ, ಮಂಡಿ ಕೆಳಗೆ ಹಳೇ ಯೋಗದ ಚಾಪೆ ಹಾಸಿಕೊಂಡು ಕೂತಿದ್ದೆ. ಸವೆದ ಬ್ರೇಕ್ ಪ್ಯಾಡ್ ಹೊರಗೆ ಬಂದಾಗಿತ್ತು. ಹೊಸ ಪ್ಯಾಡ್ ದಪ್ಪ. ಪ್ಯಾಡನ್ನು ಹಿಡಿದು ಚಕ್ರದ ಜೊತೆ ತಿರುಗುವ ತಟ್ಟೆಗೆ ಒತ್ತುವ ಭಾಗಕ್ಕೆ ಕ್ಯಾಲಿಪರ್ ಅಂತಾರೆ, ಅದರಲ್ಲಿ ಮುಂದೆ ಬಂದು ಪ್ಯಾಡನ್ನು ಒತ್ತೋದು ಪಿಸ್ಟನ್. ಹೊಸ ಪ್ಯಾಡ್ ಒಳಗೆ ಕೂರಬೇಕಾದರೆ ಆ ಪಿಸ್ಟನ್ ಹಿಂದಕ್ಕೆ ಸರಿಯಬೇಕು. ಅದಕ್ಕೆ ಸಿ-ಕ್ಲಾಂಪ್ ಹಚ್ಚಿ ಬಿಗಿ ಮಾಡುತ್ತಿದ್ದೆ.

ಹಿಂದಿನ ವರ್ಷ ಮುಂದಿನ ಎರಡೂ ಚಕ್ರಕ್ಕೆ ಇದೇ ಕ್ಲಾಂಪ್ ಹಾಕಿದ್ದೆ. ಹಳೇ ಪ್ಯಾಡನ್ನೇ ಪಿಸ್ಟನ್ ಮೇಲೆ ಅಡ್ಡ ಇಟ್ಟು ತಿರುಗಿಸಿದರೆ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಪಿಸ್ಟನ್ ಒಳಗೆ ಹೋಗಿತ್ತು. ಇಲ್ಲಿ ಮಾತ್ರ ಒಂದು ಎಳ್ಳಿನಷ್ಟೂ ಅಲ್ಲಾಡಲಿಲ್ಲ. ತುಕ್ಕು ಹಿಡಿದಿರಬೇಕು ಅಂದುಕೊಂಡೆ. ಕ್ಲಾಂಪಿನ ಹಿಡಿಗೆ ಒಂದು ಪೈಪು ಸಿಕ್ಕಿಸಿ ಇನ್ನೂ ಜೋರಾಗಿ ತಿರುಗಿಸಿದೆ. ಒಳಗಿಂದ 'ಕಿರ್' ಅಂತ ಸಣ್ಣ ಸದ್ದು ಬಂತು. ಆಮೇಲೆ ಸರಿಯಾಗಿ ನೋಡಿದಾಗ ಪಿಸ್ಟನ್ ಮುಖದ ಮೇಲೆ ಪ್ಲಸ್ ಆಕಾರದ ಗೆರೆಗಳು ಕಂಡವು. ಓ, ಇದನ್ನು ತಿರುಗಿಸಬೇಕೇನೋ ಅನ್ನಿಸಿ ಚೂಪು ಮೂತಿಯ ಇಕ್ಕಳ ತಂದೆ. ಅದರ ಎರಡು ತುದಿಗಳನ್ನು ಎದುರುಬದುರು ಗೆರೆಗಳಿಗೆ ಕೊಟ್ಟು ತಿರುಪಿದೆ. ಕಾಲು ಸುತ್ತು ಬಂತು. ಇನ್ನೊಂದು ಕಾಲು ಸುತ್ತು. ಮೂರನೇ ಸಲ ಇಕ್ಕಳ ಜಾರಿತು.

ಜಾರಿದ ತುದಿ ಪಿಸ್ಟನ್ ಸುತ್ತ ಇರುವ ರಬ್ಬರ್ ಬೂಟಿಗೆ ತಾಗಿತು. ಬೂಟು ಅಂದರೆ ಒಂದು ತೆಳ್ಳಗಿನ, ಮಡಿಕೆ ಮಡಿಕೆಯಾಗಿರುವ ರಬ್ಬರ್ ಬಳೆ. ಪಿಸ್ಟನ್‌ಗೆ ನೀರು, ಧೂಳು ತಾಗದ ಹಾಗೆ ಕಾಯೋದೇ ಅದರ ಕೆಲಸ. ಕಿರುಬೆರಳ ಉಗುರಿನಷ್ಟು ಅಗಲಕ್ಕೆ ಅದು ಹರಿದಿತ್ತು. ಬೆರಳಿಂದ ಒತ್ತಿ ಕೂರಿಸಿದೆ, ಹರಿದ ಬಾಯಿ ಮುಚ್ಚಿಕೊಂಡಿತು. ನೋಡಿದರೆ ಏನೂ ಆಗಿಲ್ಲ ಅನ್ನುವ ಹಾಗಿತ್ತು. ಹೇಗೋ ಹೆಣಗಿ ಪಿಸ್ಟನ್ ಒಳಗೆ ತಿರುಪಿ, ಎಲ್ಲ ಜೋಡಿಸಿ, ಪೆಡಲ್ ಹತ್ತಾರು ಸಲ ಒತ್ತಿ ಗಟ್ಟಿ ಮಾಡಿಕೊಂಡು, ಬಡಾವಣೆಯಲ್ಲಿ ಒಂದು ಸುತ್ತು ಹೊಡೆದು ಬಂದೆ. ಬ್ರೇಕ್ ಚೆನ್ನಾಗಿಯೇ ಹಿಡಿಯಿತು. ಆ ಕಾರಿನಲ್ಲಿ ಮುಂದೆ ಎಂಟು ತಿಂಗಳು ಮಗಳನ್ನು ಸ್ಕೂಲಿಗೆ ಬಿಟ್ಟಿದ್ದೇನೆ.

ಮುಂದಿನ ಚಳಿಗಾಲದಲ್ಲಿ ಗೊತ್ತಾಯಿತು.

ಡೆಟ್ರಾಯಿಟ್ ಊರಿನ ಅಡಿಯಲ್ಲಿ, ಸಾವಿರ ಅಡಿಗೂ ಆಳದಲ್ಲಿ, ಉಪ್ಪಿನ ಗಣಿ ಇದೆ. ಇಲ್ಲಿ ಚಳಿಗಾಲ ಬಂತೆಂದರೆ ರಸ್ತೆಗೆಲ್ಲ ಕಲ್ಲುಪ್ಪು ಸುರಿಯುತ್ತಾರೆ. ಹಿಮ ಕರಗುತ್ತದೆ, ಕರಗಿದ ಉಪ್ಪುನೀರು ಕಾರಿನ ಹೊಟ್ಟೆಗೆಲ್ಲ ಸಿಡಿಯುತ್ತದೆ. ನನ್ನ ಹರಿದ ಬೂಟಿನ ಒಳಗೂ ಹೋಗಿದೆ. ಜನವರಿಯಲ್ಲಿ ಒಂದು ಸಂಜೆ ಹೈವೇ ಇಳಿದು ಮನೆಗೆ ಬಂದಾಗ ಸುಟ್ಟ ವಾಸನೆ. ಹಿಂದಿನ ಎಡ ಚಕ್ರದ ಹತ್ತಿರ ಕೈ ಒಡ್ಡಿದರೆ ಒಲೆ ಮುಂದೆ ಒಡ್ಡಿದ ಹಾಗೆ ಶಾಖ. ಬಲ ಚಕ್ರ ತಣ್ಣಗೇ ಇತ್ತು. ಪಿಸ್ಟನ್ ತುಕ್ಕು ಹಿಡಿದು ಅಲ್ಲೇ ಕಚ್ಚಿಕೊಂಡಿತ್ತು. ಬ್ರೇಕ್ ಬಿಟ್ಟರೂ ಪ್ಯಾಡ್ ಬಿಡುತ್ತಿರಲಿಲ್ಲ. ಬಿಚ್ಚಿ ನೋಡಿದಾಗ ಒಳಗಡೆಯ ಪ್ಯಾಡ್ ಕಬ್ಬಿಣದ ತಗಡಿನವರೆಗೂ ಸವೆದಿತ್ತು. ಬೂಟು ಸರಿಸಿದರೆ ಬೆಲ್ಲದ ಪಾಕದಂಥ ಕಂದು ಕೆಸರು. ಕ್ಯಾಲಿಪರ್ ಪೂರ್ತಿ ಬದಲಾಯಿಸಬೇಕಾಯಿತು.

ಆ ಕೆಸರನ್ನು ಬಟ್ಟೆಯಲ್ಲಿ ಒರೆಸುವಾಗ ನನಗೆ ಖರ್ಚಿನ ಚಿಂತೆ ಬರಲಿಲ್ಲ. ಎಂಟು ತಿಂಗಳು ಇದು ನನ್ನ ಕಣ್ಣಿಗೆ ಬೀಳದೆ ಇತ್ತಲ್ಲ ಅನ್ನೋದೇ ತಲೆಯಲ್ಲಿ ಸುತ್ತುತ್ತಿತ್ತು.

ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಏನು ವ್ಯತ್ಯಾಸ ಅಂತ ಇಲ್ಲಿ ಹೇಳಿಬಿಡುತ್ತೇನೆ. ಮುಂದಿನ ಪಿಸ್ಟನ್ ಒಂದು ಲೋಟ ಇದ್ದ ಹಾಗೆ. ಅದರ ಬೆನ್ನಿಗೆ ಬ್ರೇಕ್ ಆಯಿಲ್ ಬಿಟ್ಟರೆ ಬೇರೇನೂ ಇಲ್ಲ. ಒತ್ತಿದರೆ ಆಯಿಲ್ ಬಂದ ದಾರಿಯಲ್ಲೇ ಬಾನೆಟ್ ಕೆಳಗಿನ ಡಬ್ಬಿಗೆ ವಾಪಸ್ ಹೋಗುತ್ತದೆ, ಪಿಸ್ಟನ್ ಒಳಗೆ ಸರಿಯುತ್ತದೆ. ಆದರೆ ನಮ್ಮಂಥ ಕಾರಿನ ಹಿಂದಿನ ಕ್ಯಾಲಿಪರ್ ಒಳಗೆ ಹ್ಯಾಂಡ್ ಬ್ರೇಕ್ ಕೂಡ ಸೇರಿಕೊಂಡಿದೆ. ಪಿಸ್ಟನ್ ಬೆನ್ನಿಗೆ ತ್ರೆಡ್ ಇರುವ ಒಂದು ಕಂಬಿ ಇದೆ. ಪ್ಯಾಡ್ ಸವೆದಷ್ಟೂ ಪಿಸ್ಟನ್ ತಾನಾಗಿಯೇ ಅಷ್ಟಷ್ಟು ಮುಂದೆ ಬಂದು ನಿಲ್ಲುವ ಹಾಗೆ ಏರ್ಪಾಡು. ಇಲ್ಲದಿದ್ದರೆ ಹ್ಯಾಂಡ್ ಬ್ರೇಕ್ ದಿನದಿನಕ್ಕೆ ಸಡಿಲ ಆಗುತ್ತಾ ಹೋಗುತ್ತಿತ್ತು. ಇಂಥ ಪಿಸ್ಟನ್ ವಾಪಸ್ ಕಳಿಸಬೇಕಾದರೆ ಒತ್ತುತ್ತಲೇ ತಿರುಗಿಸಬೇಕು. ನನ್ನ ಕಾರಿನಲ್ಲಿ ಗಡಿಯಾರದ ಮುಳ್ಳು ತಿರುಗುವ ಕಡೆಗೆ. ಬರೀ ಒತ್ತೋದು ಅಂದರೆ ಉಪ್ಪಿನಕಾಯಿ ಜಾಡಿಯ ತಿರುಪಿನ ಮುಚ್ಚಳವನ್ನು ಮೇಲಿಂದ ಗುದ್ದಿ ಹಾಕಲು ಹೋದ ಹಾಗೆ. ಮುಚ್ಚಳ ಕೂರಲ್ಲ, ತ್ರೆಡ್ ಹಾಳಾಗುತ್ತದೆ.

ಇದಕ್ಕೆಂದೇ ಒಂದು ಸಾಧನ ಇದೆ. ಇಲ್ಲಿ ವಿಂಡ್-ಬ್ಯಾಕ್ ಟೂಲ್ ಅನ್ನುತ್ತಾರೆ. ಒಂದು ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಬರುತ್ತದೆ. ಒಂದು ತಿರುಪಿನ ಕಂಬಿ, ಬೆನ್ನಿಗೆ ಆಧಾರ ಕೊಡಲು ಒಂದು ಪಟ್ಟಿ, ಮತ್ತೆ ಬೇರೆ ಬೇರೆ ಕಾರಿನ ಪಿಸ್ಟನ್‌ಗೆ ಹೊಂದುವ ಹಾಗೆ ಎರಡೆರಡು ಮೊಳೆ ಎದ್ದಿರುವ ಬಿಲ್ಲೆಗಳು. ಆಟೋಝೋನ್, ಓರೈಲಿ, ಅಡ್ವಾನ್ಸ್ ಆಟೋ ಪಾರ್ಟ್ಸ್‌ನಂಥ ಬಿಡಿಭಾಗದ ಅಂಗಡಿಗಳಲ್ಲಿ ಇಂಥ ಸಾಧನಗಳನ್ನು ಎರವಲು ಕೊಡುತ್ತಾರೆ. ಸಾಧನದ ಬೆಲೆಯಷ್ಟು ಡೆಪಾಸಿಟ್ ಕಟ್ಟಬೇಕು. ಹೇಳಿದ ದಿನದೊಳಗೆ ವಾಪಸ್ ಕೊಟ್ಟರೆ ಪೂರ್ತಿ ದುಡ್ಡು ಕೈಗೆ ಬರುತ್ತದೆ. ಬಾಡಿಗೆ ಅಂತ ಬಾಯಲ್ಲಿ ಹೇಳ್ತೀವಿ, ಆದರೆ ಖರ್ಚು ಏನೂ ಇಲ್ಲ. ಮನೆಯಿಂದ ಹತ್ತು ನಿಮಿಷದ ದಾರಿಯಲ್ಲಿ ಅಂಥ ಒಂದು ಪೆಟ್ಟಿಗೆ ಕಪಾಟಿನಲ್ಲಿ ಕೂತಿತ್ತು. ನಾನು ಹೋಗಲಿಲ್ಲ.

ಯಾಕೆ ಹೋಗಲಿಲ್ಲ? ಇದನ್ನು ತುಂಬಾ ಯೋಚನೆ ಮಾಡಿದ್ದೇನೆ. ಇದಕ್ಕೆ ನಮ್ಮ ಮಾವನ ಗ್ಯಾರೇಜಿನ ವಿಷಯ ಹೇಳಬೇಕು.

ಮಾವ, ಅಂದರೆ ಅಮ್ಮನ ಅಣ್ಣ. ತಿಪಟೂರಿನಿಂದ ಅರಸೀಕೆರೆ ಕಡೆಗೆ ಹೋಗುವ ರಸ್ತೆಯಲ್ಲಿ, ಒಂದು ಹುಣಸೆಮರದ ಕೆಳಗೆ ಅವರ ಗ್ಯಾರೇಜ್. ತಗಡಿನ ಸೂರು, ಮುಂದೆ ಎಣ್ಣೆ ಕುಡಿದು ಕರ್ರಗಾದ ನೆಲ. ಕೊಬ್ಬರಿ ಲಾರಿ, ಟ್ರ್ಯಾಕ್ಟರು, ಅಂಬಾಸಿಡರ್, ಆಮೇಲಾಮೇಲೆ ಮಾರುತಿ 800. ಬೇಸಿಗೆ ರಜೆಯಲ್ಲಿ ನಾನು ಅಲ್ಲೇ ಇರುತ್ತಿದ್ದೆ. ಕೆಲಸ ಅಂದರೆ ಪಾನಾ ತಂದುಕೊಡೋದು, ಲೈಟ್ ಹಿಡಿಯೋದು, ಚಕ್ರಕ್ಕೆ ಕಲ್ಲು ಕೊಡೋದು. ಯಾವ ಗಾಡಿ ಬಂದರೂ, ಎಷ್ಟೇ ಸಣ್ಣ ಕೆಲಸ ಆದರೂ, ಮಾವನ ಮೊದಲನೇ ಮಾತು ಒಂದೇ: "ಕಲ್ಲು ಕೊಟ್ಯೇನೋ?"

ಆಗಿನ ಅಂಬಾಸಿಡರ್‌ಗಳಿಗೆ ನಾಲ್ಕೂ ಕಡೆ ಡ್ರಮ್ ಬ್ರೇಕ್. ಡ್ರಮ್ ಎಳೆದರೆ ಒಳಗೆ ಎರಡು ಶೂ, ಅವನ್ನು ಹಿಡಿದಿಡುವ ಬಿಗಿಯಾದ ಸ್ಪ್ರಿಂಗು. ಆ ಸ್ಪ್ರಿಂಗ್ ಕಳಚೋದು, ಹಾಕೋದು ಕಷ್ಟದ ಕೆಲಸ. ಕೈ ತಪ್ಪಿದರೆ ಹಾರಿ ಕಣ್ಣಿಗೆ ಬರುತ್ತದೆ. ಮಾವನ ಹತ್ತಿರ ಅದಕ್ಕೆ ಒಂದು ಕೊಕ್ಕೆ ಇತ್ತು. ಲಾರಿಯ ಮುರಿದ ಪಟ್ಟಿಯಲ್ಲಿ ಮಾಡಿದ್ದು. ಒಂದು ಗೇಣಿನ ಉದ್ದ, ತುದಿ ಬಾಗಿದೆ, ಹಿಡಿಗೆ ಸೈಕಲ್ ಟ್ಯೂಬ್ ಸುತ್ತಿದೆ. ಅದನ್ನು ಸ್ಪ್ರಿಂಗಿಗೆ ಹಾಕಿ ಮಣಿಕಟ್ಟು ಒಂದು ಸಲ ಹೊರಳಿಸಿದರೆ ಸಾಕು, ಟಕ್ ಅಂತ ಕಳಚಿ ಅಂಗೈಗೆ ಬಂದು ಕೂರುತ್ತಿತ್ತು.

ನನ್ನ ತಲೆಯಲ್ಲಿ ಉಳಿದದ್ದು ಅದೇ ಚಿತ್ರ. ಕೈಗೆ ಸಿಕ್ಕ ಕಬ್ಬಿಣದಲ್ಲಿ ಕೆಲಸ ಸಾಗಿಸುವ ಜಾಣ ಕೈ. ಇಲ್ಲಿಗೆ ಬಂದಮೇಲೆ ಆ ಚಿತ್ರ ಇನ್ನೂ ದೊಡ್ಡದಾಯಿತು. ನಾಲ್ಕು ಜನ ಕನ್ನಡದವರು ಸೇರಿದಾಗ ಕಾರಿನ ಮಾತು ಬಂದೇ ಬರುತ್ತದೆ. ಇಲ್ಲಿ ಗ್ಯಾರೇಜಿನ ಕೂಲಿ ಗಂಟೆಗೆ ನೂರು ಡಾಲರ್ ದಾಟಿದೆ, ಹಾಗಾಗಿ ಮನೆಯಲ್ಲೇ ಬ್ರೇಕ್ ಬಿಚ್ಚುವವರು ಜಾಸ್ತಿ. ಆಗ ಯಾರಾದರೂ ಒಬ್ಬರು ಹೇಳುತ್ತಾರೆ: ಇಲ್ಲಿಯವರಿಗೆ ಪ್ರತಿಯೊಂದಕ್ಕೂ ಬೇರೆ ಬೇರೆ ಟೂಲ್ ಬೇಕು, ನಮಗೆ ಒಂದು ಸ್ಕ್ರೂಡ್ರೈವರ್ ಇದ್ದರೆ ಸಾಕು. ಎಲ್ಲರೂ ಹೌದು ಹೌದು ಅನ್ನುತ್ತೇವೆ. ನಾನೂ ಅಂದಿದ್ದೇನೆ. ಈಗ ಆ ಮಾತು ಒಪ್ಪಲು ಆಗಲ್ಲ.

ಯಾಕೆಂದರೆ ಮಾವನ ಕೊಕ್ಕೆ ಕೈಗೆ ಸಿಕ್ಕಿದ್ದಲ್ಲ. ಅದು ಮೂರನೆಯದು. ಮೊದಲನೆಯದು ಮೆದುವಾಯಿತು, ಸ್ಪ್ರಿಂಗ್ ಎಳೆದಾಗ ಬಾಗಿದ ತುದಿ ನೆಟ್ಟಗಾಗಿಬಿಟ್ಟಿತು. ಎರಡನೆಯದನ್ನು ಕುಲುಮೆಯಲ್ಲಿ ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿದರು. ಅದು ಗಟ್ಟಿಯಾಯಿತು, ಆದರೆ ಗಾಜಿನ ಹಾಗೆ ಪಟ್ಟಂತ ಮುರಿಯಿತು. ಮೂರನೆಯದನ್ನು ಅದ್ದಿದ ಮೇಲೆ ಉಜ್ಜಿ ಹೊಳಪು ಮಾಡಿ, ಮತ್ತೆ ಸಣ್ಣ ಉರಿಯಲ್ಲಿ ನೀಲಿ ಬಣ್ಣ ಬರುವ ತನಕ ಕಾಯಿಸಿ ತಣಿಯಲು ಬಿಟ್ಟರು. ಆ ನೀಲಿ ಬಣ್ಣ ಬಂದಾಗ ಉಕ್ಕಿಗೆ ಗಟ್ಟಿತನವೂ ಇರುತ್ತದೆ, ಬಾಗಿ ತಡೆಯುವ ಗುಣವೂ ಇರುತ್ತದೆ. ಇದೆಲ್ಲ ನನಗೆ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ, ಅಮ್ಮ ಹೇಳಿದಾಗ. ಒಂದು ಇಡೀ ಮಳೆಗಾಲ ಮಾವ ಅದರ ಹಿಂದೆ ಬಿದ್ದಿದ್ದರಂತೆ. ಅಂದರೆ ಅವರು ಆ ಕೆಲಸಕ್ಕೆಂದೇ ಒಂದು ಸಾಧನ ಮಾಡಿಕೊಂಡಿದ್ದರು. ಅಂಗಡಿಯಲ್ಲಿ ಸಿಗದ್ದಕ್ಕೆ ಕುಲುಮೆಯಲ್ಲಿ ಮಾಡಿಸಿದ್ದು, ಅಷ್ಟೇ. ನಾನು ಇಕ್ಕಳ ತಂದದ್ದಕ್ಕೂ ಇದಕ್ಕೂ ಏನೇನೂ ಸಂಬಂಧ ಇಲ್ಲ.

ಇನ್ನೊಂದು ವಿಷಯ ಮರೆತೇಬಿಟ್ಟಿದ್ದೆ. ಮಾವ ಎರವಲೂ ತರುತ್ತಿದ್ದರು. ಬಿಗಿಯಾಗಿ ಕೂತ ಬಿಡಿಭಾಗ ಎಳೆದು ತೆಗೆಯುವ, ಮೂರು ಕಾಲಿನ ಒಂದು ದೊಡ್ಡ ಪುಲ್ಲರ್ ಆ ರಸ್ತೆಯ ಇನ್ನೊಂದು ಗ್ಯಾರೇಜಿನಲ್ಲಿತ್ತು. ಅಕ್ಕಪಕ್ಕದ ನಾಲ್ಕೈದು ಗ್ಯಾರೇಜಿನವರಿಗೆ ಅದೊಂದೇ ಪುಲ್ಲರ್. ತರೋದು, ವಾಪಸ್ ಕೊಡೋದು ನನ್ನ ಕೆಲಸ. ವಾಪಸ್ ಕೊಡುವ ಮೊದಲು ಸೀಮೆಎಣ್ಣೆಯಲ್ಲಿ ತೊಳೆದು, ಬಟ್ಟೆಯಲ್ಲಿ ಒರೆಸಿ, ತ್ರೆಡ್‌ಗೆ ಎಣ್ಣೆ ಹಚ್ಚಬೇಕು. ಅಕ್ಕಪಕ್ಕದ ಮನೆಯಿಂದ ತಂದ ಪಾತ್ರೆಯನ್ನು ಅಮ್ಮ ಯಾವತ್ತೂ ಬರಿದೇ ವಾಪಸ್ ಕೊಟ್ಟವಳಲ್ಲ, ನಾಲ್ಕು ಚಕ್ಕುಲಿ, ಒಂದು ಹಿಡಿ ಸಕ್ಕರೆ, ಏನೋ ಒಂದು ಇರಬೇಕು. ಪುಲ್ಲರ್‌ಗೆ ಹಚ್ಚಿದ ಎಣ್ಣೆಯೂ ನನಗೆ ಹಾಗೇ ಕಾಣುತ್ತಿತ್ತು.

ಹಾಗಂತ ಎಲ್ಲದಕ್ಕೂ ಅಂಗಡಿಗೆ ಓಡಬೇಕು ಅಂತ ನಾನು ಹೇಳುತ್ತಿಲ್ಲ. ಈಗಲೂ ನನ್ನ ಬ್ರೇಕ್ ಕೆಲಸದಲ್ಲಿ ಅರ್ಧಕ್ಕರ್ಧ ಮನೆ ಸಾಮಾನೇ. ಬಿಚ್ಚಿದ ಕ್ಯಾಲಿಪರ್ ಅನ್ನು ಅದರ ರಬ್ಬರ್ ಹೋಸ್ ಮೇಲೆ ಜೋತುಬಿಡಬಾರದು, ಹೋಸ್ ಒಳಗೆ ಹಾಳಾಗುತ್ತದೆ. ನೇತುಹಾಕಲು ಕೊಕ್ಕೆಗಳನ್ನು ಮಾರುತ್ತಾರೆ. ಇಸ್ತ್ರಿ ಅಂಗಡಿಯ ತಂತಿ ಹ್ಯಾಂಗರ್ ಬಗ್ಗಿಸಿದರೆ ಅದೇ ಕೊಕ್ಕೆ. ಬಿಚ್ಚಿದ ಬೋಲ್ಟು ಯಾವುದು ಎಲ್ಲಿಂದ ಅನ್ನೋದಕ್ಕೆ ರಟ್ಟಿನ ಮೇಲೆ ಕಾರಿನ ಚಿತ್ರ ಬರೆದು ಅಲ್ಲಲ್ಲೇ ಚುಚ್ಚಿಡುತ್ತೇನೆ. ಪಿಸ್ಟನ್ ಹಿಂದಕ್ಕೆ ಹೋದಾಗ ಮೇಲಿನ ಡಬ್ಬಿಯಲ್ಲಿ ಆಯಿಲ್ ಏರುತ್ತದೆ. ಅದು ಚೆಲ್ಲಿದರೆ ಬಣ್ಣ ತಿಂದುಹಾಕುತ್ತದೆ. ಅದಕ್ಕೆ ಮೊದಲೇ ಸ್ವಲ್ಪ ಹೀರಿ ತೆಗೆಯಲು ಅಡುಗೆಮನೆಯ ರಬ್ಬರ್ ಬುರುಡೆಯ ಪಿಚಕಾರಿ. ಅದು ಮತ್ತೆ ಅಡುಗೆಮನೆಗೆ ಹೋಗಲ್ಲ, ಅದರ ಮೇಲೆ ಮಾರ್ಕರ್‌ನಲ್ಲಿ 'ಬ್ರೇಕ್' ಅಂತ ಬರೆದಿದೆ.

ಹೋಂಡಾದವರೇ ಒಂದು ಉಪಾಯ ಇಟ್ಟಿದ್ದಾರೆ. ತುಕ್ಕಿಗೆ ರೋಟರ್, ಅಂದರೆ ಪ್ಯಾಡ್ ಕಚ್ಚಿ ಹಿಡಿಯುವ ತಟ್ಟೆ, ಚಕ್ರ ಕೂರುವ ಹಬ್‌ಗೆ ಅಂಟಿಕೊಂಡಿದ್ದರೆ ಸುತ್ತಿಗೆಯಲ್ಲಿ ಬಡಿಯಬೇಕಾಗಿಲ್ಲ. ರೋಟರ್ ಮುಖದಲ್ಲಿ ಎರಡು ಖಾಲಿ ತ್ರೆಡ್ ತೂತುಗಳಿವೆ. 8 ಎಂಎಂನ, 1.25 ಪಿಚ್ಚಿನ ಎರಡು ಸಾಮಾನ್ಯ ಬೋಲ್ಟ್ ತಂದು ಎರಡನ್ನೂ ಸ್ವಲ್ಪ ಸ್ವಲ್ಪವೇ ಬಿಗಿ ಮಾಡುತ್ತಾ ಹೋದರೆ ಅವು ಹಬ್ ಮೇಲೆ ಕಾಲೂರಿ ರೋಟರನ್ನು ಹೊರಗೆ ತಳ್ಳುತ್ತವೆ. ಬಿಡಿಸಿಕೊಳ್ಳುವಾಗ ಬರುವ 'ಠಣ್' ಸದ್ದು ಕೇಳಿದಾಗಲೆಲ್ಲ ನನಗೆ ಖುಷಿ ಆಗುತ್ತದೆ. ಹೀಗೆ ಆಗಲಿ ಅಂತ ಯಾರೋ ಮೊದಲೇ ಯೋಚಿಸಿ ತೂತು ಕೊರೆದಿದ್ದಾರಲ್ಲ.

ಕ್ಯಾಲಿಪರ್ ಬದಲಾಯಿಸಿದ ದಿನ ಲೈನಿನಲ್ಲಿ ಗಾಳಿ ಸೇರಿತ್ತು. ಗಾಳಿ ತೆಗೆಯಲು ಪಂಪು ಎರವಲು ಸಿಗುತ್ತದೆ. ನಾನು ತರಲಿಲ್ಲ. ಒಂದು ಗಾಜಿನ ಬಾಟಲಿ, ಒಂದು ಮೊಳ ಪಾರದರ್ಶಕ ಪೈಪು, ಬಾಟಲಿಯಲ್ಲಿ ಎರಡು ಬೆರಳಷ್ಟು ಹೊಸ ಬ್ರೇಕ್ ಆಯಿಲ್. ಪೈಪಿನ ಒಂದು ತುದಿ ಕ್ಯಾಲಿಪರ್‌ನ ನಿಪ್ಪಲ್‌ಗೆ, ಅಂದರೆ ಗಾಳಿ ಬಿಡುವ ತಿರುಪಿಗೆ; ಇನ್ನೊಂದು ತುದಿ ಆ ಆಯಿಲ್‌ನಲ್ಲಿ ಮುಳುಗಿರಬೇಕು. ಹೆಂಡತಿ ಡ್ರೈವರ್ ಸೀಟಿನಲ್ಲಿ. ನಾನು "ಒತ್ತು" ಅಂದರೆ ಅವಳು ಪೆಡಲ್ ಒತ್ತಿ "ಒತ್ತಿದೀನಿ ರೀ" ಅನ್ನಬೇಕು. ನಾನು ನಿಪ್ಪಲ್ ಸಡಿಲಿಸುತ್ತೇನೆ, ಆಯಿಲ್ ಜೊತೆ ಗುಳ್ಳೆ ಬರುತ್ತದೆ. ನಿಪ್ಪಲ್ ಬಿಗಿ ಮಾಡಿದ ಮೇಲೆಯೇ "ಬಿಡು". ಈ ಕ್ರಮ ತಪ್ಪಿದರೆ ಹೊರಗೆ ಹೋದ ಗಾಳಿ ವಾಪಸ್ ಒಳಗೆ ಬರುತ್ತದೆ. ಇಪ್ಪತ್ತು ಸಲ ಒತ್ತು-ಬಿಡು ಆದಮೇಲೆ ಗುಳ್ಳೆ ನಿಂತಿತು. ಪೆಡಲ್ ಗಟ್ಟಿಯಾಗಿದ್ದು ಅವಳ ಕಾಲಿಗೇ ಮೊದಲು ಗೊತ್ತಾಯಿತು.

ಇವೆಲ್ಲ ಯಾಕೆ ನಡೆಯುತ್ತವೆ, ಇಕ್ಕಳ ಯಾಕೆ ನಡೆಯಲಿಲ್ಲ? ಹ್ಯಾಂಗರ್ ತಂತಿ ಕಳಚಿದರೆ ಆಗಲೇ, ನನ್ನ ಕಣ್ಣೆದುರೇ ಕಳಚುತ್ತದೆ. ಗಾಳಿ ಉಳಿದಿದ್ದರೆ ಪೆಡಲ್ ಮೆತ್ತಗಿರುತ್ತದೆ, ಮನೆ ಬಿಟ್ಟು ಹೊರಡುವ ಮೊದಲೇ ಕಾಲಿಗೆ ಸಿಗುತ್ತದೆ. ಬೂಟು ಹರಿದದ್ದು ಹಾಗಲ್ಲ. ಅದು ಒಳಗೆ ಅಡಗಿ ಕೂತು ಚಳಿಗಾಲ ಬರಲಿ ಅಂತ ಕಾಯಿತು. ಈಗ ನಾನು ಕೇಳಿಕೊಳ್ಳೋದು ಇಷ್ಟೇ: ಇಲ್ಲಿ ನನ್ನ ಉಪಾಯ ಕೈಕೊಟ್ಟರೆ ಅದು ಇವತ್ತೇ ಗೊತ್ತಾಗುತ್ತಾ, ಇಲ್ಲಾ ಆರು ತಿಂಗಳಾದ ಮೇಲೆ ಹೈವೇಯಲ್ಲಾ?

ಈ ಲೆಕ್ಕ ಹಿಡಿದು ನೋಡಿದರೆ ಅಡಗಿ ಕೂರುವ ತಪ್ಪುಗಳು ಬ್ರೇಕಿನಲ್ಲಿ ಎಷ್ಟೊಂದಿವೆ! ಗ್ರೀಸ್ ನೋಡಿ. ಕ್ಯಾಲಿಪರ್ ಆಚೀಚೆ ಜಾರಲು ಎರಡು ಪಿನ್ ಇರುತ್ತವೆ, ಅವಕ್ಕೆ ರಬ್ಬರ್ ತೋಳು. ಗ್ಯಾರೇಜಿನಲ್ಲಿ ಇರುವ ಯಾವುದೋ ಪೆಟ್ರೋಲಿಯಂ ಗ್ರೀಸ್ ಹಚ್ಚಿದರೆ ಅವತ್ತು ನುಣ್ಣಗೆ ಜಾರುತ್ತದೆ. ನಿಧಾನವಾಗಿ ರಬ್ಬರ್ ಊದಿಕೊಂಡು ಪಿನ್ ಕಚ್ಚಿಕೊಳ್ಳುತ್ತದೆ. ಬ್ರೇಕಿಗೆಂದೇ ಇರುವ ಸಿಲಿಕೋನ್ ಗ್ರೀಸ್ ಬೇಕು, ಒಂದು ಸಣ್ಣ ಟ್ಯೂಬ್ ವರ್ಷಗಟ್ಟಲೆ ಬರುತ್ತದೆ. ಬ್ರೇಕ್ ಆಯಿಲ್ ಕೂಡ ಹಾಗೇ. ಕಪಾಟಿನಲ್ಲಿ ಬಾಯಿ ತೆರೆದಿದ್ದ ಹಳೇ ಡಬ್ಬಿಯದ್ದೇ ಇದೆಯಲ್ಲ, ಹಾಕೋಣ ಅನ್ನಿಸುತ್ತದೆ. ಅದು ಗಾಳಿಯಲ್ಲಿರುವ ನೀರಿನ ಅಂಶವನ್ನು ಹೀರಿಕೊಳ್ಳುತ್ತದೆ. ಡಾಟ್ 3 ಅನ್ನುವ ದರ್ಜೆಯ ಹೊಸ ಬ್ರೇಕ್ ಆಯಿಲ್ ಕುದಿಯಲು ಕಡಿಮೆ ಅಂದರೂ 205 ಡಿಗ್ರಿ ಸೆಲ್ಸಿಯಸ್ ಬೇಕು ಅಂತ ನಿಯಮ. ನೀರು ಹೀರಿಕೊಂಡ ಮೇಲೆ ಆ ಮಟ್ಟ 140ಕ್ಕೆ ಇಳಿಯುತ್ತದೆ. ಮನೆ ಮುಂದೆ ಏನೂ ತಿಳಿಯಲ್ಲ. ಉದ್ದದ ಇಳಿಜಾರಿನಲ್ಲಿ ಬ್ರೇಕ್ ಕಾದಾಗ ಆಯಿಲ್ ಕುದಿದು ಆವಿಯಾದರೆ, ಪೆಡಲ್ ಒತ್ತಿದರೂ ಕಾಲು ಸೀದಾ ನೆಲಕ್ಕೆ ಹೋಗುತ್ತದೆ.

ಚಕ್ರದ ನಟ್ಟನ್ನು ಇಷ್ಟೇ ಬಿಗಿ ಅಂತ ಅಳೆದು ತಿರುಗಿಸುವ ಟಾರ್ಕ್ ವ್ರೆಂಚ್ ಕೂಡ ಎರವಲು ಸಿಗುತ್ತದೆ. ನನ್ನ ಕಾರಿಗೆ 80 ಪೌಂಡ್-ಅಡಿ, ಅಂದರೆ 108 ನ್ಯೂಟನ್ ಮೀಟರ್. ಮೊದಲೆಲ್ಲ ಕಾಲಲ್ಲಿ ಒದ್ದು ಬಿಗಿ ಮಾಡುತ್ತಿದ್ದೆ. ಒಂದು ನಟ್ ಜಾಸ್ತಿ, ಇನ್ನೊಂದು ಕಮ್ಮಿ ಬಿಗಿಯಾದರೆ ರೋಟರ್ ಕೂದಲೆಳೆಯಷ್ಟು ಓರೆ ಕೂರುತ್ತದೆ. ಕೆಲವು ಸಾವಿರ ಮೈಲಿ ಆದಮೇಲೆ ಬ್ರೇಕ್ ಒತ್ತಿದಾಗ ನಡುಕ ಶುರು. ಬ್ರೇಕಿನ ಕಬ್ಬಿಣದ ಪೈಪು ಹೋಸಿಗೆ ಸೇರುವ ಕಡೆಯ ನಟ್ಟಿಗೆ ಸಾದಾ ಪಾನಾ ಹಾಕಿದರೆ ಅದರ ಮೂಲೆಗಳು ಸವೆದು ದುಂಡಗಾಗುತ್ತವೆ. ಅದಕ್ಕೆ ಬಾಯಿ ಸ್ವಲ್ಪವೇ ಸೀಳಿರುವ, ನಟ್ಟನ್ನು ಸುತ್ತಲೂ ಅಪ್ಪಿ ಹಿಡಿಯುವ ಪಾನಾ ಬೇರೆಯೇ ಇದೆ. ಈಗಿನ ಎಷ್ಟೋ ಕಾರುಗಳಲ್ಲಿ ಹ್ಯಾಂಡ್ ಬ್ರೇಕ್ ಜಾಗದಲ್ಲಿ ಒಂದು ಬಟನ್, ಕ್ಯಾಲಿಪರ್ ಬೆನ್ನಿಗೆ ಮೋಟಾರು. ಅಲ್ಲಿ ಮೊದಲು ಸರ್ವಿಸ್ ಮೋಡ್‌ಗೆ ಹಾಕಿ ಮೋಟಾರ್ ಹಿಂದೆ ಸರಿಯುವ ಹಾಗೆ ಮಾಡದೆ ಪಿಸ್ಟನ್ ಮುಟ್ಟಲೇಬಾರದು.

ಇನ್ನು ಎತ್ತಿದ ಕಾರನ್ನು ಹೊತ್ತು ನಿಲ್ಲುವ ಸ್ಟ್ಯಾಂಡ್. ಇದರಲ್ಲಿ ನನಗೆ ಮಾತೇ ಇಲ್ಲ. ಜಾಕ್ ಕಾರು ಎತ್ತೋದಕ್ಕೆ ಮಾತ್ರ, ಹೊತ್ತು ನಿಲ್ಲೋದಕ್ಕಲ್ಲ. ಕೆಳಗೆ ಹಾಲೋ ಬ್ಲಾಕ್ ಇಟ್ಟು ಕೆಲಸ ಮಾಡುವವರನ್ನು ಇಲ್ಲೂ ನೋಡಿದ್ದೇನೆ, ನಮ್ಮೂರಲ್ಲೂ ನೋಡಿದ್ದೇನೆ. ಆ ಬ್ಲಾಕ್ ಬಿರುಕು ಬಿಟ್ಟು ಸೂಚನೆ ಕೊಡಲ್ಲ, ಒಂದೇ ಸಲ ಪುಡಿಯಾಗುತ್ತದೆ. ಹಾಗೆ ಮಾಡುವವರು ನನ್ನ ಸ್ನೇಹಿತರಾದರೆ ನನ್ನ ಸ್ಟ್ಯಾಂಡ್ ತಗೊಂಡು ಹೋಗಿ ಕೊಟ್ಟು ಬರುತ್ತೇನೆ, ಅವರು ಬೇಜಾರು ಮಾಡಿಕೊಂಡರೂ ಪರವಾಗಿಲ್ಲ.

ಎರವಲು ಪೆಟ್ಟಿಗೆಯಲ್ಲೂ ತೊಂದರೆ ಇಲ್ಲ ಅಂತಲ್ಲ. ಮೊದಲ ಸಲ ನಾನು ತಂದ ವಿಂಡ್-ಬ್ಯಾಕ್ ಪೆಟ್ಟಿಗೆಯಲ್ಲಿ ನನಗೆ ಬೇಕಾದ ಬಿಲ್ಲೆಯೇ ಇರಲಿಲ್ಲ. ಅದರ ಆಕಾರದ ಗುಂಡಿ ಖಾಲಿ ಇತ್ತು. ಮನೆಗೆ ಬಂದು, ಚಕ್ರ ಬಿಚ್ಚಿದ ಮೇಲೆ ನೋಡಿದೆ. ಕಾರು ಸ್ಟ್ಯಾಂಡ್ ಮೇಲಿದೆ, ಮನೆಯಲ್ಲಿ ಬೇರೆ ಕಾರಿಲ್ಲ. ಪಕ್ಕದ ಮನೆಯ ಅಜ್ಜ ಕರೆದುಕೊಂಡು ಹೋಗಿ ಬಂದರು. ಅವರು ಕಾರ್ ಕಾರ್ಖಾನೆಯಲ್ಲಿ ದುಡಿದು ರಿಟೈರ್ ಆದವರು. ದಾರಿಯಲ್ಲಿ ಹೇಳಿದರು, ಎರವಲು ಪೆಟ್ಟಿಗೆಯನ್ನು ಕೌಂಟರ್ ಮೇಲೆಯೇ ತೆರೆದು ಎಣಿಸಬೇಕು, ತಿರುಪಿನ ಕಂಬಿಯ ತ್ರೆಡ್ ಮೇಲೆ ಉಗುರು ಎಳೆದು ನೋಡಬೇಕು ಅಂತ. ಹಿಂದೆ ತಂದವರು ಸುತ್ತಿಗೆಯಲ್ಲಿ ಬಡಿದಿದ್ದರೆ ಉಗುರಿಗೆ ತಿಳಿಯುತ್ತದೆ. ಈಗ ಹಾಗೇ ಮಾಡುತ್ತೇನೆ.

ಸರಿಯಾದ ಬಿಲ್ಲೆ ಸಿಕ್ಕ ಮೇಲೆ ಕೆಲಸ ಎಷ್ಟು ಶಾಂತವಾಗಿ ಆಯಿತು ಅಂದರೆ ನಂಬಲಿಕ್ಕೆ ಆಗಲಿಲ್ಲ. ಬಿಲ್ಲೆಯ ಎರಡು ಮೊಳೆ ಪಿಸ್ಟನ್ ಗೆರೆಯಲ್ಲಿ ಕೂತವು. ಹಿಂದಿನ ಪಟ್ಟಿ ಕ್ಯಾಲಿಪರ್‌ಗೆ ಒರಗಿತು. ಹಿಡಿ ತಿರುಗಿಸಿದರೆ ಕಂಬಿ ಒತ್ತುತ್ತಲೂ ಇದೆ, ತಿರುಗಿಸುತ್ತಲೂ ಇದೆ. ಎರಡು ಬೆರಳಿನ ಬಲ ಸಾಕು. ರಬ್ಬರ್ ಬೂಟು ಪಿಸ್ಟನ್ ಜೊತೆ ಸ್ವಲ್ಪ ಸುರುಳಿ ಸುತ್ತಿಕೊಂಡಿತು, ಬೆರಳಿಂದ ನಿಧಾನಕ್ಕೆ ಬಿಡಿಸಿದೆ. ಕೊನೆಗೆ ಒಂದು ಚೂರು ಹಿಂದೆ ತಿರುಗಿಸಿ ಪ್ಲಸ್ ಗೆರೆಯನ್ನು ಸರಿಯಾದ ಕಡೆ ನಿಲ್ಲಿಸಬೇಕು. ಒಳಗಿನ ಪ್ಯಾಡಿನ ಬೆನ್ನಿಗೆ ಒಂದು ಪುಟ್ಟ ಗುಬುಟು ಇರುತ್ತದೆ, ಅದು ಆ ಗೆರೆಯೊಳಗೆ ಕೂತರೆ ಪಿಸ್ಟನ್ ಆಮೇಲೆ ತಿರುಗಲ್ಲ. ಗೆರೆ ತಪ್ಪಿ ಗುಬುಟು ಮೇಲೆ ನಿಂತರೆ ಪ್ಯಾಡ್ ಓರೆಯಾಗಿ ಸವೆಯುತ್ತದೆ. ಅದೂ ಅಡಗಿ ಕೂರುವ ತಪ್ಪೇ. ಹೋದ ಸಲ ಇಕ್ಕಳದಲ್ಲಿ ಹೆಣಗುವಾಗ ಈ ಗುಬುಟಿನ ಕಡೆ ನನ್ನ ಗಮನವೇ ಹೋಗಿರಲಿಲ್ಲ. ಸಾಧನ ಸರಿ ಇದ್ದಾಗ ಕಣ್ಣಿಗೆ ಬಿಡುವು ಸಿಗುತ್ತದೆ.

ಈ ದೇಶದಲ್ಲಿ ಪುಸ್ತಕದ ಹಾಗೆ ಸಾಧನಗಳನ್ನೂ ಎರವಲು ಕೊಡುವ ಲೈಬ್ರರಿಗಳಿವೆ. ಕ್ಯಾಲಿಫೋರ್ನಿಯಾದ ಬರ್ಕ್ಲಿ ಊರಿನ ಪಬ್ಲಿಕ್ ಲೈಬ್ರರಿ 1979ರಿಂದ ಇದನ್ನು ನಡೆಸಿಕೊಂಡು ಬಂದಿದೆ. ಊರಲ್ಲಿ ನಮ್ಮ ಚಿಕ್ಕಪ್ಪ ಈಗ ರೋಟವೇಟರ್ ಬೇಕಾದರೆ ಕೃಷಿ ಯಂತ್ರಧಾರೆ ಕೇಂದ್ರದಿಂದ ಬಾಡಿಗೆಗೆ ತರುತ್ತಾರೆ. ಅದಕ್ಕೂ ಮೊದಲು ಕೂರಿಗೆ ಇಲ್ಲದವರು ಇರುವವರ ಮನೆಯಿಂದ ತಂದು ಬಿತ್ತುತ್ತಿದ್ದರು, ಬದಲಿಗೆ ಮುಯ್ಯಾಳಾಗಿ ಒಂದು ದಿನ ಅವರ ಹೊಲಕ್ಕೆ ಹೋಗುತ್ತಿದ್ದರು. ವರ್ಷಕ್ಕೆ ಎರಡು ದಿನ ಬೇಕಾಗುವ ವಸ್ತುವನ್ನು ಪ್ರತಿ ಮನೆಯಲ್ಲೂ ಇಟ್ಟುಕೊಳ್ಳಬೇಕು ಅಂತ ಯಾರಿಗೂ ಅನ್ನಿಸಿರಲಿಲ್ಲ. ಅದಿಲ್ಲದೆ ಬರಿ ಕೈಯಲ್ಲಿ ಬಿತ್ತುತ್ತೇನೆ ಅಂತ ಹಟ ಮಾಡಿದವರೂ ಇರಲಿಲ್ಲ.

ಹೋದ ವಾರ ಮಾವನಿಗೆ ವಿಡಿಯೋ ಕಾಲ್ ಮಾಡಿದೆ. ವಯಸ್ಸಾಗಿದೆ, ಗ್ಯಾರೇಜ್ ನೋಡಿಕೊಳ್ಳೋದು ಈಗ ಮಗ. ಹರಿದ ಬೂಟಿನ ಕತೆ ಪೂರ್ತಿ ಹೇಳಿದೆ, ಬದಲಾಯಿಸಿದ ಹಳೇ ಕ್ಯಾಲಿಪರ್ ಫೋಟೋ ತೋರಿಸಿದೆ. ಕನ್ನಡಕ ಏರಿಸಿ ತುಂಬಾ ಹೊತ್ತು ನೋಡಿದರು.

"ತಿರುಪಿರೋದನ್ನ ಯಾಕೋ ಒತ್ತಿದೆ? ಗೆರೆ ಕಾಣ್ತಾ ಇರ್ಲಿಲ್ವಾ?"

"ಆಮೇಲೆ ಕಂಡ್ತು ಮಾವ."

"ಅದು ಒತ್ತೋದಲ್ಲ, ತಿರುಪೋದು ಅಂತ ಅದ್ರ ಮುಖದ ಮೇಲೇ ಬರ್ದಿದೆ. ಬಿಚ್ಚಿದ ತಕ್ಷಣ ಕೈ ಹಾಕ್ಬಾರ್ದು ಮಗಾ. ಒಂದು ಬೀಡಿ ಸೇದೋವಷ್ಟು ಹೊತ್ತು ಸುಮ್ನೆ ನೋಡ್ತಾ ಕೂತ್ಕೋಬೇಕು." ಮಾವ ಬೀಡಿ ಬಿಟ್ಟು ಇಪ್ಪತ್ತು ವರ್ಷ ಆಗಿದೆ, ಅಳತೆ ಮಾತ್ರ ಹಾಗೇ ಉಳಿದಿದೆ.

ಈ ಸಲ ನಾನೇ ಒಂದು ಬಿಲ್ಲೆ ಮಾಡಿಕೊಳ್ಳಬೇಕು ಅಂತಿದ್ದೇನೆ ಅಂದೆ. ಒಂದು ಹಳೇ ಸಾಕೆಟ್, ಅದರ ಬಾಯಿಗೆ ಎರಡು ಮೊಳೆ ವೆಲ್ಡಿಂಗ್. ಪಕ್ಕದ ಮನೆಯ ಅಜ್ಜನ ಹತ್ತಿರ ವೆಲ್ಡಿಂಗ್ ಮೆಶಿನ್ ಇದೆ. ಮಾವನ ಮುಖ ಅರಳಿತು. ಆಮೇಲೆ ಕೇಳುತ್ತಾ ಹೋದರು. ಮೊಳೆಗೂ ಮೊಳೆಗೂ ನಡುವೆ ಎಷ್ಟು ಅಂತರ? ಗೆರೆ ಎಷ್ಟು ಆಳ? ಮೊಳೆ ಎಷ್ಟು ಉದ್ದ ಇದ್ದರೆ ಬೂಟಿಗೆ ತಾಗಲ್ಲ? ಬೆನ್ನಿಗೆ ಒತ್ತು ಕೊಡೋದು ಯಾವುದು? ನನ್ನ ಹತ್ತಿರ ಒಂದಕ್ಕೂ ಉತ್ತರ ಇರಲಿಲ್ಲ.

"ಮತ್ತೆ ಆ ಎರವಲು ಪೆಟ್ಟಿಗೆ ತಗೊಂಡ್ ಬಾ," ಅಂದರು. "ವರ್ನಿಯರ್ ಇಟ್ಟು ಅಳತೆ ತಗೋ, ಕಾಗ್ದದ ಮೇಲೆ ಬರ್ದು ನಂಗೆ ಕಳ್ಸು. ನಾನ್ ನೋಡ್ದೆ ವೆಲ್ಡಿಂಗ್ ಮಾಡ್ಬೇಡ."

ಶನಿವಾರ ಬೆಳಿಗ್ಗೆ ಅಂಗಡಿಗೆ ಹೋಗಿ ಪೆಟ್ಟಿಗೆ ತಂದೆ. ಕೌಂಟರ್ ಮೇಲೆ ತೆರೆದು ಎಣಿಸಿದೆ, ಎಲ್ಲ ಇತ್ತು. ಅಳತೆ ತೆಗೆಯಲು ಹೇಗೂ ಹಿಂದಿನ ಬಲ ಚಕ್ರ ಬಿಚ್ಚಬೇಕಿತ್ತು. ಜಾಕ್ ಹಾಕುವ ಮೊದಲು ಮಾವನಿಗೆ ಮತ್ತೆ ವಿಡಿಯೋ ಹಚ್ಚಿ ಫೋನನ್ನು ಬಕೆಟ್‌ಗೆ ಒರಗಿಸಿ ಇಟ್ಟೆ. ಅಲ್ಲಿ ರಾತ್ರಿ, ಊಟ ಮುಗಿಸಿ ಹಜಾರದಲ್ಲಿ ಕೂತಿದ್ದರು. ಚಿತ್ರ ಸರಿಯಾಗಿ ಮೂಡುವ ಮೊದಲೇ ದನಿ ಬಂತು.

"ಕಲ್ಲು ಕೊಟ್ಯೇನೋ?"

"ಕೊಟ್ಟಿದೀನಿ ಮಾವ," ಅಂತ ಫೋನನ್ನು ಮುಂದಿನ ಚಕ್ರದ ಕಡೆ ತಿರುಗಿಸಿ ತೋರಿಸಿದೆ.